ವಿಭಕ್ತಿ ಕೋಷ್ಟಕವನ್ನು ಲೇಟೆಕ್‌ನಿಂದ ವೆಬ್‌ಗೆ ತಂದ ಮೂರು ದಾರಿ

ಪುಸ್ತಕ, ಪ್ರಬಂಧಗಳನ್ನು ಅಚ್ಚಿಗೆ ಜೋಡಿಸುವ ಲೇಟೆಕ್‌ನಲ್ಲಿ ಬರೆದ ಪಾಠವನ್ನು ವೆಬ್ ಪುಟ ಮಾಡುವಾಗ ಪ್ಯಾರಾಗಳು ಅಷ್ಟೇನೂ ಕಾಡುವುದಿಲ್ಲ. ತಲೆನೋವೆಲ್ಲ ಕೋಷ್ಟಕದ್ದು. ಲೇಟೆಕ್ ಕಡತವನ್ನು ವೆಬ್ ಪುಟದ ಭಾಷೆಯಾದ ಎಚ್‌ಟಿಎಂಎಲ್‌ಗೆ ತಿರುಗಿಸುವ ಮೂರು ಸಾಧನಗಳಾದ ಪ್ಯಾನ್‌ಡಾಕ್, ಟೆಕ್4ಎಚ್‌ಟಿ, ಲೇಟೆಕ್‌ಎಂಎಲ್‌ಗೆ ನಾನು ಒಂದೇ ಕೋಷ್ಟಕ ಕೊಟ್ಟು ನೋಡಿದೆ: ಶಾಲೆಯಲ್ಲಿ ಬಾಯಿಪಾಠ ಮಾಡಿಸುವ ವಿಭಕ್ತಿ ಪಟ್ಟಿ. ಪ್ರಥಮಾದಿಂದ ಸಪ್ತಮಿಯವರೆಗೆ 7 ಸಾಲು. ಮೇಲೆ ಎರಡು ಅಂತಸ್ತಿನ ಹೆಡರ್. 'ಮರ' ಎರಡು ಕಾಲಂ ಅಗಲ, 'ಹುಡುಗ' ಇನ್ನೆರಡು ಕಾಲಂ ಅಗಲ, ಅವುಗಳ ಕೆಳಗೆ ಏಕವಚನ, ಬಹುವಚನ. ಎಡಗಡೆಯ 'ವಿಭಕ್ತಿ' ಎಂಬ ಮನೆ (ಸೆಲ್) ಎರಡು ಸಾಲು ಎತ್ತರ.

ಲೇಟೆಕ್‌ನಲ್ಲಿ ಕೋಷ್ಟಕ ಬರೆಯುವ ಮಾಮೂಲಿ ಟ್ಯಾಬ್ಯುಲರ್‌ನಲ್ಲಿ ಸಾಲು, ಮನೆ, ಗೆರೆ ಇಷ್ಟೇ ಇರುತ್ತವೆ. ಯಾವುದು ಹೆಡರ್ ಅಂತ ಬರೆಯುವ ಜಾಗವೇ ಇಲ್ಲ. ದಪ್ಪಕ್ಷರ, ಕೆಳಗಿನ ಗೆರೆ ನೋಡಿ ಓದುವವರೇ ತಿಳಿದುಕೊಳ್ಳುತ್ತಾರೆ. ಎಚ್‌ಟಿಎಂಎಲ್‌ನಲ್ಲಿ ಹೆಡರ್ ಮನೆಗೆ ಟಿಎಚ್, ಉಳಿದದ್ದಕ್ಕೆ ಟಿಡಿ ಅಂತ ಬೇರೆ ಬೇರೆ ಗುರುತು ಉಂಟು. ಕಣ್ಣು ಕಾಣದವರು ಸ್ಕ್ರೀನ್ ರೀಡರ್‌ನಲ್ಲಿ ಓದುವಾಗ 'ಮರಗಳಿಂದ' ಎಂಬ ಮನೆ ತೃತೀಯಾ, ಬಹುವಚನ ಅಂತ ಕೇಳಿಸಬೇಕಾದರೆ ಆ ಟಿಎಚ್ ಇರಲೇಬೇಕು. ಅಂದರೆ ಮೂಲದಲ್ಲಿ ಇಲ್ಲದ್ದನ್ನು ಸಾಧನವೇ ಊಹಿಸಬೇಕು. ನಾನು ಅಂಕ ಕೊಟ್ಟದ್ದು ಈ ಊಹೆಗೇ. ಗೆರೆ, ಬಣ್ಣ ಹೋದರೆ ಹೋಗಲಿ, ಪುಟದ ಅಂದ ನೋಡಿಕೊಳ್ಳುವ ಸಿಎಸ್‌ಎಸ್‌ನಲ್ಲಿ ಮತ್ತೆ ಹಾಕಿಕೊಳ್ಳಬಹುದು.

ಪ್ಯಾನ್‌ಡಾಕ್ ಬರೆದವರು ಜಾನ್ ಮ್ಯಾಕ್‌ಫಾರ್ಲೇನ್, ಬರ್ಕ್ಲಿಯಲ್ಲಿ ತತ್ವಶಾಸ್ತ್ರದ ಪ್ರೊಫೆಸರ್. 2006ರಿಂದ ಇದೆ. ಹಾಕಿಕೊಳ್ಳುವುದು ಸುಲಭ, ಓಟ ಜೋರು. ಇದು ಲೇಟೆಕ್‌ನ ಒಳಗಿನ ಎಂಜಿನ್ ಆದ ಟೆಕ್ ಅನ್ನು ಓಡಿಸುವುದೇ ಇಲ್ಲ, ಮೂಲವನ್ನು ತಾನೇ ಓದುತ್ತದೆ. ಹಾಗಾಗಿ ಕನ್ನಡ ಫಾಂಟ್ ಯಾವುದು, ಯೂನಿಕೋಡ್ ಬಲ್ಲ ಲೇಟೆಕ್ ರೂಪವಾದ ಝೀಲೇಟೆಕ್ ಇದೆಯಾ ಅನ್ನುವ ಪ್ರಶ್ನೆಯೇ ಬರಲಿಲ್ಲ. ಯೂನಿಕೋಡ್ ಇದ್ದರೆ ಸಾಕು. ಹೊರಗೆ ಬಂದ ಕೋಡ್ ಕೈಯಲ್ಲಿ ತಿದ್ದುವಷ್ಟು ಸ್ವಚ್ಛ. 2020ರ 2.10ನೇ ಆವೃತ್ತಿಯವರೆಗೆ ಕೂಡಿಸಿದ ಮನೆಗಳನ್ನು ಇಡಲು ಅದರ ಒಳಗಿನ ರಚನೆಯಲ್ಲೇ ಜಾಗವಿರಲಿಲ್ಲ. ಈಗ ಇದೆ, 'ಮರ', 'ಹುಡುಗ' ಎರಡೂ ಅಗಲವಾಗಿಯೇ ಬಂದವು. ಆದರೆ ನನ್ನ ಹೆಡರ್‌ನ ಎರಡನೇ ಅಂತಸ್ತು ಜಾರಿ ಕೆಳಗೆ ಬಿತ್ತು: ಏಕವಚನ, ಬಹುವಚನ ಎರಡೂ 'ಮರವು', 'ಮರಗಳು' ಜೊತೆಗೆ ಸಾದಾ ಸಾಲಾಗಿ ಕೂತವು. ಲುವಾ ಫಿಲ್ಟರ್ (ಪ್ಯಾನ್‌ಡಾಕ್ ಓದಿದ್ದನ್ನು ತಿದ್ದುವ ಪುಟ್ಟ ಪ್ರೋಗ್ರಾಂ) ಬರೆದು ಎತ್ತಿ ಮೇಲೆ ಕೂರಿಸಬಹುದು. ಇಂಥ ಕೋಷ್ಟಕ ಹತ್ತಾರು ಇದ್ದರೆ ಆ ಶ್ರಮ ಸರಿ, ಒಂದೆರಡಕ್ಕೆ ಸುಮ್ನೆ ಕೈಯಲ್ಲೇ ತಿದ್ದುವುದು ವಾಸಿ.

ಟೆಕ್4ಎಚ್‌ಟಿಯ ದಾರಿ ಪೂರ್ತಿ ಬೇರೆ. ಒಹಾಯೊ ಸ್ಟೇಟ್ ಯೂನಿವರ್ಸಿಟಿಯ ಐತಾನ್ ಗುರಾರಿ ಕಟ್ಟಿದ್ದು. 2009ರಲ್ಲಿ ಅವರು ತೀರಿಕೊಂಡ ಮೇಲೆ ಬೇರೆಯವರು ನೋಡಿಕೊಳ್ಳುತ್ತಿದ್ದಾರೆ. ಈಗ ಅದನ್ನು ಮೇಕ್4ಎಚ್‌ಟಿ ಎಂಬ ಸಹಾಯಕ ಪ್ರೋಗ್ರಾಂ ಮೂಲಕ ಓಡಿಸುವುದು ರೂಢಿ. ಇಲ್ಲಿ ನಿಜವಾದ ಟೆಕ್ ಓಡುತ್ತದೆ, ಹಾಗಾಗಿ ನೀವು ಬರೆದುಕೊಂಡ ಮ್ಯಾಕ್ರೊ (ಸ್ವಂತ ಆಜ್ಞೆ) ವಕ್ರವಾಗಿದ್ದರೂ ಸಾಮಾನ್ಯವಾಗಿ ನಡೆಯುತ್ತದೆ. ಪ್ಯಾನ್‌ಡಾಕ್ ಕೈಚೆಲ್ಲುವ ಕಡೆ ಇದು ಗೆಲ್ಲುತ್ತದೆ. ಕನ್ನಡಕ್ಕೆ ಯೂನಿಕೋಡ್ ಬಲ್ಲ ಲುವಾಲೇಟೆಕ್ ಆಯ್ಕೆ ಹಾಕಿದೆ, ಒತ್ತಕ್ಷರಗಳು ನೆಟ್ಟಗೆ ಬಂದವು. ಹೊರಬಂದ ಎಚ್‌ಟಿಎಂಎಲ್ ಮಾತ್ರ ನೋಡಲಾಗದು. ಅಡ್ಡಗೆರೆಗೆ ಒಂದೊಂದು ಖಾಲಿ ಸಾಲು, ಮನೆಮನೆಗೂ ಉದ್ದುದ್ದ ಐಡಿ. ಎಲ್ಲವೂ ಟಿಡಿ, ಹೆಡರ್ ಅನ್ನುವ ಗುರುತೇ ಇಲ್ಲ. ಅಚ್ಚಿನ ಪುಟ ಕಂಡ ಹಾಗೇ ಕಾಣಬೇಕು ಅನ್ನುವವರಿಗೆ ಇದು ಇಷ್ಟವಾಗಬಹುದು. ನನಗೆ ಆಗಲಿಲ್ಲ.

ಲೇಟೆಕ್‌ಎಂಎಲ್ ಅಮೆರಿಕದ ಮಾನದಂಡಗಳ ಸಂಸ್ಥೆ ನಿಸ್ಟ್‌ನ ಬ್ರೂಸ್ ಮಿಲ್ಲರ್ ಅವರದು. ಗಣಿತ ಫಂಕ್ಷನ್‌ಗಳ ಡಿಜಿಟಲ್ ಗ್ರಂಥಾಲಯವೊಂದನ್ನು ವೆಬ್‌ಗೆ ತರಲು ಹುಟ್ಟಿದ ಸಾಧನ. 2023ರ ಡಿಸೆಂಬರ್‌ನಿಂದ ಸಂಶೋಧನಾ ಪ್ರಬಂಧಗಳನ್ನು ಉಚಿತವಾಗಿ ಇಡುವ ಆರ್ಕೈವ್ (arXiv) ತಾಣದಲ್ಲಿ ಅವುಗಳ ಎಚ್‌ಟಿಎಂಎಲ್ ರೂಪ ಕಾಣುತ್ತಿದೆಯಲ್ಲ, ಅದರ ಹಿಂದಿರುವುದೂ ಇದೇ. ಪರ್ಲ್ ಭಾಷೆಯಲ್ಲಿ ಬರೆದದ್ದು, ನಿಧಾನ. ಟೆಕ್‌ನ ಕೆಲಸವನ್ನು ತಾನೇ ಅನುಕರಿಸುವುದರಿಂದ ಅಪರೂಪದ ಪ್ಯಾಕೇಜ್ (ಲೇಟೆಕ್‌ಗೆ ಸೇರಿಸುವ ಹೆಚ್ಚುವರಿ ಕಡತ) ಕಂಡರೆ ತಡವರಿಸುತ್ತದೆ. ಫಾಂಟ್ ಸಾಲುಗಳನ್ನು ತೆಗೆದೇ ಕೊಟ್ಟೆ, ವೆಬ್‌ಗೆ ಅವು ಹೇಗೂ ಬೇಡ. ಆದರೆ ಊಹೆಯ ವಿಷಯದಲ್ಲಿ ಉಳಿದೆರಡೂ ಇದರ ಹತ್ತಿರ ಬರುವುದಿಲ್ಲ. ಗೆರೆ ಎಲ್ಲಿದೆ, ಅಕ್ಕಪಕ್ಕದ ಮನೆಗಳಲ್ಲಿ ಎಂಥ ವಿಷಯ ಇದೆ ಅಂತ ನೋಡಿ ಹೆಡರ್ ಯಾವುದಿರಬಹುದು ಅಂತ ತೀರ್ಮಾನಿಸುತ್ತದೆ. ನನ್ನ ಎರಡೂ ಅಂತಸ್ತು ಟಿಎಚ್ ಆಗಿಯೇ ಬಂದವು. ಗೆರೆಗಳು ಸಿಎಸ್‌ಎಸ್ ಹಿಡಿಯಬಲ್ಲ ಕ್ಲಾಸ್ ಹೆಸರುಗಳಾಗಿ ಉಳಿದವು, ಖಾಲಿ ಸಾಲಿನ ಕಾಟ ಇಲ್ಲ.

ಹಾಗಾಗಿ ವ್ಯಾಕರಣದ ಪಾಠಗಳಿಗೆ ನಾನು ಇಟ್ಟುಕೊಂಡದ್ದು ಲೇಟೆಕ್‌ಎಂಎಲ್. ಒಂದೇ ಸಾಲಿನ ಹೆಡರ್ ಇರುವ ಸಾದಾ ಪಟ್ಟಿಗಳಿಗೆ ಈಗಲೂ ಪ್ಯಾನ್‌ಡಾಕ್ ಸಾಕು, ಅದಕ್ಕೆ ಜಾಸ್ತಿ ಯೋಚನೆ ಬೇಡ. ಯಾವುದನ್ನೇ ಬಳಸಿ, ಮೊಬೈಲ್‌ನಲ್ಲಿ ಅಗಲದ ಕೋಷ್ಟಕ ಪುಟದಾಚೆ ಚಾಚದಂತೆ ಸುತ್ತ ಒಂದು ಡಿವ್ (ಎಚ್‌ಟಿಎಂಎಲ್‌ನ ಚೌಕಟ್ಟು) ಹಾಕಿ, ಅಡ್ಡಕ್ಕೆ ಸರಿಯುವಂತೆ ಮಾಡುವ ಕೆಲಸ ನಿಮ್ಮದೇ.

ಮೂಲ ಕಳೆದುಹೋಗಿ ಪಿಡಿಎಫ್ ಮಾತ್ರ ಉಳಿದಿದ್ದರೆ? ಅದಕ್ಕೆ ಪಿಡಿಎಫ್‌ನಿಂದ ಕೋಷ್ಟಕ ಹೊರತೆಗೆಯುವ ಟ್ಯಾಬುಲಾ ಇದೆ, ಇಂಗ್ಲಿಷ್ ಮತ್ತು ಅಂಕಿಗಳ ಕೋಷ್ಟಕಕ್ಕೆ ಚೆನ್ನಾಗಿಯೇ ಕೆಲಸ ಮಾಡುತ್ತದೆ. ಕನ್ನಡಕ್ಕೆ ಕಷ್ಟ. ಪಿಡಿಎಫ್ ಒಳಗೆ ಇರುವುದು ಅಕ್ಷರದ ಆಕಾರಗಳು. ಅವುಗಳನ್ನು ತಿರುಗಿ ಅಕ್ಷರ ಮಾಡುವಾಗ ಒತ್ತು, ಗುಣಿತ ಹಿಂದುಮುಂದಾಗುತ್ತವೆ. 7 ಸಾಲಿನ ವಿಭಕ್ತಿ ಪಟ್ಟಿಯಾದರೆ ಹೊಸದಾಗಿ ಟೈಪ್ ಮಾಡುವುದೇ ಬೇಗ.