ಮೂರು ಕಾಲಿನ ಶಾವಿಗೆ ಒರಳು: ಆರು ವರ್ಷ ಒತ್ತಿದ ಮೇಲೆ

ಸ್ಟೀಲ್ ಕೊಳವೆ, ಕಬ್ಬಿಣದ ತಿರುಪು, ಮೇಲೆ ಎರಡು ಕೈಯಲ್ಲಿ ತಿರುಗಿಸುವ ಹಿಡಿ. ಹಾಸನದಲ್ಲಿ ಆರು ವರ್ಷದಿಂದ ತಿಂಗಳಿಗೆ ಎರಡು ಸಲವಾದರೂ ಬಳಕೆಯಲ್ಲಿರುವ ಒರಳಿದು. ಒರಳು ಗಟ್ಟಿಯಾಗಿದೆ. ಆದರೆ ಒತ್ತು ಶಾವಿಗೆ ಕೆಟ್ಟಾಗ ಬೈಗುಳ ಒರಳಿಗೆ ಬೀಳುತ್ತದೆ, ತಪ್ಪು ಮಾತ್ರ ಹೆಚ್ಚಿನ ಸಲ ಹಿಟ್ಟಿನದೇ.

ಅಕ್ಕಿಯಿಂದಲೇ ಶುರು ಮಾಡಬೇಕು. ಅಂಗಡಿಯಲ್ಲಿ ಸ್ಟೀಮ್ ಅಕ್ಕಿ ಬೇಡ, ರಾ ಅಕ್ಕಿ ಕೇಳಿ, ಹಳೆಯದಾದಷ್ಟು ಒಳ್ಳೆಯದು. ಹೊಸ ಅಕ್ಕಿಯ ಎಳೆ ಒಂದಕ್ಕೊಂದು ಅಂಟಿ ಮುದ್ದೆಯಾಗುತ್ತದೆ. ನಮ್ಮ ಕಡೆಯ ರಾಜಮುಡಿ ಅನ್ನಕ್ಕೆ ಎಷ್ಟು ರುಚಿಯೋ, ತೌಡು ಉಳಿದ ಕೆಂಪಕ್ಕಿಯಾಗಿದ್ದರೆ ಶಾವಿಗೆಗೆ ಅಷ್ಟೇ ತೊಂದರೆ: ತೌಡಿನ ಚೂರು ಎಳೆಯನ್ನು ಅಲ್ಲಲ್ಲಿ ತುಂಡರಿಸುತ್ತದೆ.

ಅರ್ಧ ಕೆಜಿ ಅಕ್ಕಿ ಐದು ಗಂಟೆ ನೆನೆಯಲಿ. ಅರ್ಧ ಬಟ್ಟಲು ಕಾಯಿತುರಿ, ಉಪ್ಪು ಸೇರಿಸಿ ನುಣ್ಣಗೆ ರುಬ್ಬಿ. ಬೆರಳಲ್ಲಿ ಉಜ್ಜಿದರೆ ತರಿ ಸಿಗಬಾರದು; ಸಿಕ್ಕರೆ ಅದೇ ತರಿ ಒರಳಿನ ತಳದ ಬಿಲ್ಲೆಯ ತೂತಿಗೆ ಕೂತು ಎಳೆಯನ್ನು ಸೀಳುತ್ತದೆ. ರುಬ್ಬಲು, ತೆಳ್ಳಗೆ ಮಾಡಲು ಎಲ್ಲ ಸೇರಿ ಆರೇಳು ನೂರು ಮಿಲಿ ನೀರು ಸಾಕು. ದಪ್ಪ ತಳದ ಬಾಂಡ್ಲಿಗೆ ಒಂದು ಚಮಚ ಕೊಬ್ಬರಿ ಎಣ್ಣೆ ಬಿಟ್ಟು, ಸಣ್ಣ ಉರಿಯಲ್ಲಿ ಕೈ ಬಿಡದೆ ತಿರುವಿ. ಒದ್ದೆ ಕೈಯಲ್ಲಿ ಮುಟ್ಟಿದರೆ ಅಂಟಬಾರದು, ಅಲ್ಲಿಗೆ ಇಳಿಸಿ. ಇನ್ನೂ ಒಣಗಿಸಿದರೆ ತಿರುಪು ತಿರುಗಿಸುವಾಗ ಭುಜ ಬೀಳುತ್ತದೆ.

ಕೊಳವೆಗಿಂತ ಸ್ವಲ್ಪ ಸಣ್ಣಗೆ, ಉದ್ದುದ್ದ ಉಂಡೆ ಕಟ್ಟಿ ಇಡ್ಲಿ ಪಾತ್ರೆಯಲ್ಲಿ ಇಪ್ಪತ್ತು ನಿಮಿಷ ಬೇಯಿಸಿ. ಒಂದನ್ನು ಮುರಿದು ನೋಡಿ: ಮೇಲೆ ಮಿರಮಿರ ಹೊಳೆಯುತ್ತಾ ನಡುವೆ ಸುಣ್ಣದಂಥ ಬಿಳಿ ಕಂಡರೆ ಇನ್ನೂ ಹಸಿ, ಮತ್ತೆ ಐದು ನಿಮಿಷ. ಹಸಿ ಹಿಟ್ಟಿಗೆ ಹಿಡಿತವಿಲ್ಲ, ಎಳೆ ಚೂರುಚೂರಾಗಿ ಉದುರುತ್ತದೆ. ಬೆಂದದ್ದು ಆರಿದರೆ ಇನ್ನೊಂದು ಪಾಡು, ಬಿಗಿದುಕೊಳ್ಳುತ್ತದೆ. ಅದಕ್ಕೇ ಒಂದೊಂದೇ ಉಂಡೆ ತೆಗೆಯಿರಿ, ಉಳಿದವು ಹಬೆಯಲ್ಲೇ ಇರಲಿ.

ಈಗ ಒರಳಿನ ಗುಣದೋಷ. ಹಿಡಿಕೆ ಅದುಮುವ ಹಳೇ ಮರದ ಒರಳಿಗೆ ಮೈಭಾರ ಬಿಡುವವರು ಒಬ್ಬರು, ತಟ್ಟೆ ತಿರುಗಿಸುವವರು ಒಬ್ಬರು ಬೇಕಿತ್ತು. ಇದರಲ್ಲಿ ಒಬ್ಬರೇ ನಿಭಾಯಿಸಬಹುದು, ನೆಲದ ಮೇಲಿಟ್ಟು ಎರಡು ಕಾಲನ್ನು ಪಾದದಲ್ಲಿ ಅದುಮಿಕೊಂಡರೆ. ಅಡುಗೆಕಟ್ಟೆಯ ಮೇಲಂತೂ ಬೇಡ, ಹಿಡಿಯ ಜೊತೆ ಒರಳೇ ತಿರುಗುತ್ತದೆ. ಕಾಲಿನ ರಬ್ಬರ್ ಟೋಪಿಗಳು ಎರಡನೇ ವರ್ಷವೇ ಕಳಚಿದವು. ನಾಲ್ಕನೇ ವರ್ಷ ಒಂದು ಕಾಲಿನ ರಿವೆಟ್ ಸಡಿಲವಾಗಿ ವೆಲ್ಡಿಂಗ್ ಮಾಡಿಸಬೇಕಾಯಿತು.

ದೊಡ್ಡ ದೂರು ತಿರುಪಿನ ತುದಿಯಲ್ಲಿ ಹಿಟ್ಟನ್ನು ಒತ್ತುವ ಬಿಲ್ಲೆಯದು. ಅದಕ್ಕೂ ಕೊಳವೆಗೂ ನಡುವೆ ಸಂದು ಜಾಸ್ತಿ. ಹಿಟ್ಟು ಸ್ವಲ್ಪ ಗಟ್ಟಿಯಾದರೂ ಕೆಳಗಿಳಿಯುವ ಬದಲು ಪಕ್ಕದಿಂದ ಮೇಲೇರಿ ತಿರುಪಿಗೆ ಮೆತ್ತಿಕೊಳ್ಳುತ್ತದೆ. ಹಾಗಾದಾಗ ಬಲ ಹಾಕಬೇಡಿ. ಹಿಂದಕ್ಕೆ ತಿರುಗಿಸಿ, ಹಿಟ್ಟು ಕೆರೆದು, ಉಂಡೆಯನ್ನು ಮತ್ತೆ ಹಬೆಗಿಡಿ. ಬಲ ಹಾಕಿದರೆ ಮೊದಲು ಸವೆಯುವುದು ತಿರುಪಿನ ಸುತ್ತುಗೆರೆ. ತಿರುಪಿಗೆ ಸವರಿದ ಎಣ್ಣೆಯಲ್ಲಿ ಕಪ್ಪು ಪುಡಿ ಕಾಣಿಸಿಕೊಂಡರೆ ಸವೆತ ಶುರುವಾಗಿದೆ ಎಂದೇ ಅರ್ಥ. ತಿರುಪಿಗೆ ಕೊಬ್ಬರಿ ಎಣ್ಣೆ ಬಿಟ್ಟು ಬೇರೇನೂ ಸವರಬೇಡಿ, ಅದರ ಕೆಳಗಿರುವುದು ತಿನ್ನುವ ಪದಾರ್ಥ.

ಜೊತೆಗೆ ಬಂದ ಬಿಲ್ಲೆಗಳಲ್ಲಿ ಅತಿ ಸಣ್ಣ ತೂತಿನದು ನೋಡಲು ಚೆಂದ, ಬೆಲ್ಲ-ಗಸಗಸೆಯ ಕಾಯಿಹಾಲು ಬಿಟ್ಟರೆ ಮಾತ್ರ ಗಳಿಗೆಯಲ್ಲಿ ಕರಗಿ ಗಂಜಿಯಾಗುತ್ತದೆ. ಕಾಯಿಹಾಲಿಗಾಗಲಿ ಚಿಕ್ಕಮಗಳೂರು ಕಡೆಯ ಕೋಳಿಸಾರಿಗಾಗಲಿ ಮಧ್ಯದ ತೂತಿನದೇ ಸರಿ. ಚಿತ್ರಾನ್ನದ ಒಗ್ಗರಣೆ ಹಾಕುವುದಾದರೆ ಒತ್ತಿದ್ದು ಪೂರ್ತಿ ಆರಲಿ, ಬಿಸಿಯಲ್ಲಿ ಕಲಸಿದರೆ ಉಪ್ಪಿಟ್ಟು.

ಕೊಳ್ಳುವಾಗ ಅಂಗಡಿಯಲ್ಲೇ ತಿರುಪನ್ನು ಪೂರ್ತಿ ಇಳಿಸಿ, ಒತ್ತುವ ಬಿಲ್ಲೆಯನ್ನು ಅಲ್ಲಾಡಿಸಿ ನೋಡಿ. ಸಂದಿನಲ್ಲಿ ಪೋಸ್ಟ್ ಕಾರ್ಡ್ ಸಲೀಸಾಗಿ ನುಸುಳಿದರೆ ಅದನ್ನು ಬಿಟ್ಟು ಬೇರೆ ತೋರಿಸಲು ಹೇಳಿ. ಬಳಸಿದ ತಕ್ಷಣ ತೂತಿನ ಬಿಲ್ಲೆಯನ್ನು ನೀರಿಗೆ ಹಾಕಿ, ತೊಳೆದ ಮೇಲೆ ಕಿಟಕಿಯ ಬೆಳಕಿಗೆ ಹಿಡಿಯಿರಿ. ಕತ್ತಲೆ ಕಂಡ ತೂತಿಗೆ ಪೊರಕೆ ಕಡ್ಡಿ ಸಾಕು.