ಮೂರು ತಿಂಗಳ ಆಳು: ನಮ್ಮ ಗಾಳಿಯಂತ್ರದ ನಾಲ್ಕು ವರ್ಷ

ಯಲಬುರ್ಗಾ ತಾಲ್ಲೂಕಿನ ನಮ್ಮ ಹೊಲದ ಮನೆಗೂ ಹತ್ತಿರದ ಕರೆಂಟ್ ಕಂಬಕ್ಕೂ ಒಂದೂವರೆ ಕಿಲೋಮೀಟರ್ ದೂರ. ಹೀಗಾಗಿ ಮೊದಲಿನಿಂದಲೂ ಸೋಲಾರೇ ಗತಿ. ಒಂದೂವರೆ ಕಿಲೋವಾಟ್ ಪ್ಯಾನೆಲ್, 24 ವೋಲ್ಟಿನ ಲೆಡ್ ಆ್ಯಸಿಡ್ ಬ್ಯಾಟರಿ. ಫ್ರಿಜ್, ಫ್ಯಾನು, ದೀಪ, ಟಿವಿ ಸೇರಿ ದಿನಕ್ಕೆ ನಾಲ್ಕು ಯೂನಿಟ್ ಸಾಕು. ಆಷಾಢ ಬಂತೆಂದರೆ ಮಾತ್ರ ಪೀಕಲಾಟ. ನಮ್ಮ ಕಡೆ ಮೋಡ ಕವಿದು ಕೂರುತ್ತದೆ, ಮಳೆ ಬೀಳುವುದಿಲ್ಲ. ಪ್ಯಾನೆಲ್ ಎರಡು ಯೂನಿಟ್ ಕೊಟ್ಟರೆ ಪುಣ್ಯ; ನಸುಕಿನ ನಾಲ್ಕಕ್ಕೆ ಇನ್ವರ್ಟರ್ ಕೂಗಲು ಶುರು. ವಾರಗಟ್ಟಲೆ ಪೂರ್ತಿ ತುಂಬದೆ ಉಳಿದ ಮೊದಲ ಬ್ಯಾಟರಿಗಳು ಮೂರೇ ವರ್ಷಕ್ಕೆ ಕೈಕೊಟ್ಟವು.

ಅದೇ ಆಷಾಢದಲ್ಲಿ ಗಾಳಿ ಹೆಂಚು ಹಾರಿಸುವ ಹಾಗೆ ಬೀಸುತ್ತದೆ, ರಾತ್ರಿಯೂ ಬಿಡುವುದಿಲ್ಲ. ದಿಬ್ಬದ ಮೇಲಿನ ಕಂಪನಿಗಳ ದೊಡ್ಡ ರೆಕ್ಕೆಗಳನ್ನು ದಿನವೂ ನೋಡಿ ನೋಡಿ ನಾನೂ 1 ಕಿಲೋವಾಟಿನದೊಂದು ತಂದೆ.

ಆ 1 ಕಿಲೋವಾಟ್ ಎಂಬ ಮಾತನ್ನು ನಂಬಬೇಡಿ. ಸೆಕೆಂಡಿಗೆ 11 ಮೀಟರ್ ಗಾಳಿ ಬೀಸಿದರೆ ಅಷ್ಟು. ಗಾಳಿಯ ವೇಗ ಅರ್ಧಕ್ಕಿಳಿದರೆ ಅದರ ಶಕ್ತಿ ಅರ್ಧವಲ್ಲ, ಎಂಟನೇ ಒಂದು ಭಾಗ. ಅಂದರೆ 125 ವಾಟ್. ಮಾರಿದವರು ಇದನ್ನು ಹೇಳಲಿಲ್ಲ, ನಾನೂ ಕೇಳಲಿಲ್ಲ. ಮೇಲಾಗಿ ಮೊದಲ ವರ್ಷ ಇಪ್ಪತ್ತು ಅಡಿಯ ಪೈಪಿಗೆ ಕೂರಿಸಿದ್ದೆ. ಪಡುವಣಕ್ಕೆ ಬೇವಿನ ಮರ. ಯಂತ್ರ ಗಾಳಿಗೆ ತಿರುಗುವ ಬದಲು ದಿಕ್ಕು ಹುಡುಕುತ್ತಾ ತಲೆಯಾಡಿಸುತ್ತಿತ್ತು. ಮರ ಕಡಿಯಲು ಅವ್ವ ಬಿಡಲಿಲ್ಲ. ಕಂಬವನ್ನೇ ನಲವತ್ತು ಅಡಿಗೆ ಏರಿಸಿದೆ. ಅದರ ಖರ್ಚು ಯಂತ್ರದ ಬೆಲೆಯನ್ನೇ ಮೀರಿತು.

ಆಮೇಲೆ ಆಷಾಢ, ಶ್ರಾವಣದಲ್ಲಿ ದಿನಕ್ಕೆ ಮೂರು, ಕೆಲವೊಮ್ಮೆ ನಾಲ್ಕು ಯೂನಿಟ್. ದೀಪಾವಳಿ ಹೊತ್ತಿಗೆ ಅರ್ಧ ಯೂನಿಟ್ಟೂ ಇಲ್ಲ. ವರ್ಷದ ಲೆಕ್ಕ ಹಾಕಿದರೆ ಆ ದುಡ್ಡಿಗೆ ಪ್ಯಾನೆಲ್ಲೇ ಲಾಭ. ಆದರೆ ಎರಡನೇ ಜೋಡಿ ಬ್ಯಾಟರಿ ಐದನೇ ವರ್ಷದಲ್ಲೂ ಗಟ್ಟಿಯಾಗಿದೆ, ನನಗೆ ಬೇಕಿದ್ದುದು ಅದೇ. ಬ್ಯಾಟರಿ ತುಂಬಿದ ಮೇಲೂ ಯಂತ್ರವನ್ನು ಕರೆಂಟ್ ಎಳೆಯುವ ಹೊರೆಯಿಲ್ಲದೆ ಬಿಡುವಂತಿಲ್ಲ, ರೆಕ್ಕೆ ಹುಚ್ಚೆದ್ದು ತಿರುಗುತ್ತದೆ. ಅದಕ್ಕೇ ಹೆಚ್ಚಿನ ಕರೆಂಟನ್ನು ಕಂಟ್ರೋಲರ್ ಒಂದು ಹೀಟರ್ ಪೆಟ್ಟಿಗೆಗೆ ಹರಿಸುತ್ತದೆ. ಅದರ ಎದುರು ಹಗ್ಗ ಕಟ್ಟಿ ಅವ್ವ ಒದ್ದೆ ಕೌದಿ ಒಣಗಿಸುತ್ತಾಳೆ. ರೆಕ್ಕೆಯ ಸದ್ದಿಗೆ ನಿದ್ದೆ ಬರುವುದಿಲ್ಲ ಎಂದು ಬೈಯುವವಳೂ ಅವಳೇ.

ಮೂರನೇ ವರ್ಷ ಬೇರಿಂಗ್ ಕಿರುಗುಟ್ಟತೊಡಗಿತು. ಮಾರಿದವರು ಫೋನ್ ಎತ್ತಲಿಲ್ಲ. ಟ್ರ್ಯಾಕ್ಟರಿಗೆ ಹಗ್ಗ ಕಟ್ಟಿ ಕಂಬವನ್ನು ಮೆಲ್ಲಗೆ ಮಲಗಿಸಿ, ಕೊಪ್ಪಳದ ಲೇಥ್ ಅಂಗಡಿಯಲ್ಲಿ ಹೊಸದು ಹಾಕಿಸಿದೆ. ಬುಡದಲ್ಲಿ ಮಡಚುವ ಕಂಬವೇ ಇರಲಿ. ಹತ್ತಿ ಇಳಿಯುವ ಸಾಹಸ ಬೇಡ. ಕಂಬವನ್ನು ಸುತ್ತಲಿನ ಗೂಟಗಳಿಗೆ ಬಿಗಿದ ಎಳೆತಂತಿಗಳನ್ನು ಪ್ರತಿ ಬೇಸಿಗೆಯ ಕೊನೆಗೆ ಬಿಗಿಯಬೇಕು. ಎರೆ ಮಣ್ಣು ಬಿರಿದು ಗೂಟಗಳು ಸಡಿಲವಾಗುತ್ತವೆ.

ನೀರಿನ ಆಸೆಯೂ ಹುಟ್ಟಿತ್ತು. ಮುನಿರಾಬಾದಿನಲ್ಲಿ ತುಂಗಭದ್ರಾ ಎಡದಂಡೆ ಕಾಲುವೆಯ ನೀರೇ ವಿದ್ಯುತ್ ಕೊಡುತ್ತದಲ್ಲ, ನಮ್ಮ ಹಳ್ಳದ ಒಡ್ಡು ಯಾಕೆ ಕೊಡಬಾರದು? ಒಂದು ಮೀಟರ್ ಎತ್ತರದಿಂದ ಸೆಕೆಂಡಿಗೆ ಹತ್ತು ಲೀಟರ್ ಬಿದ್ದರೆ ಲೆಕ್ಕಕ್ಕೆ 98 ವಾಟ್, ಕೈಗೆ ಅರ್ಧ. ಆ 50 ವಾಟ್ ಹಗಲಿರುಳೂ ಬಂದರೆ ದಿನಕ್ಕೆ 1.2 ಯೂನಿಟ್, ಸಣ್ಣದೇನಲ್ಲ. ಆದರೆ ನಮ್ಮ ಹಳ್ಳ ವರ್ಷಕ್ಕೆ ಆರು ವಾರ ಹರಿದರೆ ಹೆಚ್ಚು. ಮಲೆನಾಡಿನವರಿಗೆ ಬಿಟ್ಟೆ.

ಮೊನ್ನೆ ಗಂಗಾವತಿಯಿಂದ ಬಂದ ಚಿಕ್ಕಪ್ಪನ ಮಗ ನನಗೂ ಒಂದು ಕೊಡಿಸಣ್ಣ ಎಂದ. ಅವನ ಮನೆಯ ಸುತ್ತ ತೆಂಗು. ಎರಡು ಪ್ಯಾನೆಲ್ ಹೆಚ್ಚಿಗೆ ಹಾಕಿಸಿಕೋ ಎಂದು ಕಳಿಸಿದೆ.