ಬಿಸಿ ಗಾಳಿಯನ್ನು ಎಲ್ಲಿ ಅಳೆಯಬೇಕು? ಟರ್ಬೊ ಎಸ್ಟೀಮ್‌ನಲ್ಲಿ ಎರಡು ಸೆನ್ಸರ್, ಎರಡು ಜಾಗ

ಹಳೆಯ ಇಂಜಿನ್‌ಗೆ ಗಾಳಿಯನ್ನು ಒತ್ತಿ ತುಂಬುವ ಟರ್ಬೊ ಕೂರಿಸಿ, ಕಂಪನಿಯ ಇಸಿಯು (ಇಂಜಿನ್ ನಡೆಸುವ ಕಂಪ್ಯೂಟರ್) ತೆಗೆದು, ನಾವೇ ಟ್ಯೂನ್ ಮಾಡಿಕೊಳ್ಳಬಹುದಾದ ಸ್ಪೀಡುಯಿನೊದಂಥದ್ದನ್ನು ಹಾಕುವವರು ಇಂಜೆಕ್ಟರ್‌ಗೆ, ಬೂಸ್ಟ್‌ಗೆ (ಟರ್ಬೊ ಕೊಡುವ ಹೆಚ್ಚುವರಿ ಒತ್ತಡ), ಕಿಡಿ ಯಾವಾಗ ಹಾರಬೇಕೆಂದು ಹೇಳುವ ಇಗ್ನಿಷನ್ ಮ್ಯಾಪಿಗೆ ತಲೆ ಕೆಡಿಸಿಕೊಳ್ಳುತ್ತಾರೆ. ಒಳಗೆ ಹೋಗುವ ಗಾಳಿಯ ಉಷ್ಣಾಂಶ ಹೇಳುವ ಐಎಟಿ ಸೆನ್ಸರ್ ಮಾತ್ರ ಎಲ್ಲಿ ತೂತು ಸಿಕ್ಕಿತೋ ಅಲ್ಲಿ ಹೋಗಿ ಕೂರುತ್ತದೆ. ನನ್ನ 1.3 ಲೀಟರ್ ಮಾರುತಿ ಎಸ್ಟೀಮ್ ಕಾರಿನಲ್ಲಿ ಎರಡು ಬಗೆಯ ಸೆನ್ಸರ್‌ಗಳನ್ನು ಎರಡು ಜಾಗಗಳಲ್ಲಿ ಅದಲುಬದಲು ಮಾಡಿ ನೋಡಿದ್ದೇನೆ. ಯಾವ ಸೆನ್ಸರ್ ಎನ್ನುವುದಕ್ಕಿಂತ ಅದನ್ನು ಎಲ್ಲಿ ಕೂರಿಸಿದಿರಿ ಎನ್ನುವುದೇ ದೊಡ್ಡದು ಎಂದು ನನಗೆ ಖಚಿತವಾಗಿದೆ.

ಈ ಇಸಿಯುವಿಗೆ ಗಾಳಿಯನ್ನು ತೂಗುವ ಮೀಟರ್ ಇಲ್ಲ. ಮ್ಯಾನಿಫೋಲ್ಡ್‌ನ (ಸಿಲಿಂಡರ್‌ಗಳಿಗೆ ಗಾಳಿ ಹಂಚುವ ಕೊಳವೆ) ಒತ್ತಡ, ಆರ್‌ಪಿಎಂ, ಉಷ್ಣಾಂಶ ಇವಿಷ್ಟನ್ನು ನಂಬಿ ಅದು ಲೆಕ್ಕ ಹಾಕುತ್ತದೆ. 30 ಡಿಗ್ರಿ ಇರುವ ಗಾಳಿಯನ್ನು ಸೆನ್ಸರ್ 60 ಎಂದು ಹೇಳಿತೆನ್ನಿ. ಸಾಂದ್ರತೆ ಶೇ 9ರಷ್ಟು ಕಡಿಮೆಯೆಂದು ಬಗೆದು ಇಸಿಯು ಪೆಟ್ರೋಲನ್ನೂ ಅಷ್ಟೇ ಕಡಿಮೆ ಮಾಡುತ್ತದೆ, ಇಂಜಿನ್ ಲೀನ್ ಆಗುತ್ತದೆ, ಅಂದರೆ ಗಾಳಿಗೆ ತಕ್ಕಷ್ಟು ಪೆಟ್ರೋಲ್ ಸಿಗುವುದಿಲ್ಲ. ಇದರ ಉಲ್ಟಾ ಇನ್ನೂ ಕೆಟ್ಟದ್ದು. ಬೂಸ್ಟ್‌ನಲ್ಲಿ ಗಾಳಿ 70ಕ್ಕೆ ಏರಿದ್ದರೂ ಸೆನ್ಸರ್ 40ರಲ್ಲೇ ನಿಂತಿದ್ದರೆ ಪೆಟ್ರೋಲ್ ಸ್ವಲ್ಪ ಹೆಚ್ಚು ಹೋಗುತ್ತದೆ, ಅದನ್ನು ಸಹಿಸಿಕೊಳ್ಳಬಹುದು. ಆದರೆ ಬಿಸಿ ಗಾಳಿ ಕಂಡೊಡನೆ ಇಗ್ನಿಷನ್ ಟೈಮಿಂಗನ್ನು ಹಿಂದಕ್ಕೆ ಎಳೆಯಬೇಕಾದ ಇಸಿಯು ಸುಮ್ಮನೆ ಕೂತಿರುತ್ತದೆ. ನಾಕಿಂಗ್ (ಮಿಶ್ರಣ ಹದ ತಪ್ಪಿ ತಾನಾಗಿ ಸಿಡಿಯುವುದು) ಶುರುವಾಗಿ ಪಿಸ್ಟನ್ನಿಗೆ ಪೆಟ್ಟು ಬೀಳುವುದು ಆಗಲೇ.

ಮೊದಲನೆಯದು ಮುಚ್ಚಿದ ಸೆನ್ಸರ್. ಹಿತ್ತಾಳೆಯ ಒಡಲು, ಅದರ ತುದಿಯೊಳಗೆ ಕಾವಿಗೆ ತಕ್ಕಂತೆ ವಿದ್ಯುತ್ ರೋಧ ಬದಲಾಗುವ ಥರ್ಮಿಸ್ಟರ್. ನೋಡಲು ಕೂಲಂಟ್ (ಇಂಜಿನ್ ತಣಿಸುವ ದ್ರವ) ಸೆನ್ಸರ್‌ನಂತೆಯೇ ಇರುತ್ತದೆ. ಬೆಂಗಳೂರಿನ ಜೆ.ಸಿ. ರಸ್ತೆಯಲ್ಲಿ ಸುಲಭವಾಗಿ ಸಿಗುವುದೂ ಇಂಥದ್ದೇ. ಗಟ್ಟಿಮುಟ್ಟು, ಎಣ್ಣೆ ಹತ್ತಿದರೂ ಒರೆಸಿಕೊಂಡರೆ ಆಯಿತು. ಎರಡನೆಯದು ತೆರೆದ ಸೆನ್ಸರ್: ಪ್ಲಾಸ್ಟಿಕ್ ಪಂಜರದೊಳಗೆ ಸಾಸಿವೆ ಕಾಳಿನಷ್ಟು ಥರ್ಮಿಸ್ಟರ್ ಮಣಿ, ಗಾಳಿ ನೇರವಾಗಿ ಅದರ ಮೇಲೇ ಹರಿಯುತ್ತದೆ.

ಮುಚ್ಚಿದ್ದನ್ನು ಅಲ್ಯೂಮಿನಿಯಂ ಮ್ಯಾನಿಫೋಲ್ಡ್‌ಗೆ ತಿರುಗಿಸಿದಾಗ ಅದು ಅಳೆಯುವುದು ಗಾಳಿಯನ್ನೋ ಲೋಹವನ್ನೋ ಎಂಬ ಅನುಮಾನ ಬರುತ್ತದೆ. ಬೇಸಿಗೆಯ ಮಧ್ಯಾಹ್ನ ಹೆಬ್ಬಾಳದ ಟ್ರಾಫಿಕ್‌ನಲ್ಲಿ ತೆವಳಿ, ಪೆಟ್ರೋಲ್ ಬಂಕ್‌ನಲ್ಲಿ ಇಂಜಿನ್ ಆರಿಸಿ, ಹಣ ಕೊಟ್ಟು ಮತ್ತೆ ಕೀ ತಿರುಗಿಸಿದರೆ ಲ್ಯಾಪ್‌ಟಾಪ್‌ನಲ್ಲಿ ಐಎಟಿ 65ರ ಆಸುಪಾಸು. ಒಂದು ಪಾಲು ಪೆಟ್ರೋಲಿಗೆ ಎಷ್ಟು ಪಾಲು ಗಾಳಿ ಎಂದು ತೋರಿಸುವ ವೈಡ್‌ಬ್ಯಾಂಡ್ ಮೀಟರ್ 16 ದಾಟುತ್ತದೆ, ಅಂದರೆ ಇಂಜಿನ್ ಲೀನ್, ಐಡಲ್ ತಡವರಿಸುತ್ತದೆ, ಕ್ಲಚ್ ಬಿಟ್ಟರೆ ಕಾರು ಮುಗ್ಗರಿಸುತ್ತದೆ. ಸೆನ್ಸರ್ ತಣಿಯಬೇಕಾದರೆ ಒಂದಷ್ಟು ದೂರ ಬಿರುಸಾಗಿ ಓಡಿಸಬೇಕು. ತೆರೆದ ಸೆನ್ಸರನ್ನು ಅದೇ ತೂತಿಗೆ ಹಾಕಿದಾಗ ಹೊರಟ ಮೇಲೆ ಬೇಗ ಇಳಿಯಿತು, ನಿಜ. ಆದರೆ ಕೀ ತಿರುಗಿಸಿದ ಕ್ಷಣದ ತೊಂದರೆ ಹೆಚ್ಚುಕಡಿಮೆ ಹಾಗೆಯೇ ಉಳಿಯಿತು. ಸುತ್ತಲಿನ ಲೋಹ ಕಾದಿದ್ದರೆ ಎಷ್ಟು ಚುರುಕಾದ ಮಣಿಯಾದರೂ ಏನು ಮಾಡೀತು?

ಟರ್ಬೊದ ಬಿಸಿ ಗಾಳಿಯನ್ನು ತಣಿಸುವ ಇಂಟರ್‌ಕೂಲರ್ ದಾಟಿ ಥ್ರಾಟಲ್‌ಗೆ ಬರುವ ಪೈಪಿಗೆ, ತ್ರೆಡ್ ಹಾಕಿದ ಬುಷ್ ಒಂದನ್ನು ಬೆಸುಗೆ ಮಾಡಿಸಿ ತೆರೆದ ಸೆನ್ಸರನ್ನು ಅಲ್ಲಿಗೆ ಸಾಗಿಸಿದಾಗ ಚಿತ್ರವೇ ಬದಲಾಯಿತು. ಪೈಪಿಗೂ ಇಂಜಿನ್‌ಗೂ ನಡುವೆ ಸಿಲಿಕಾನ್ ಹೋಸ್ ಇರುವುದರಿಂದ ಲೋಹದ ಕಾವು ಅಲ್ಲಿಗೆ ಅಷ್ಟಾಗಿ ಹರಿಯುವುದಿಲ್ಲ. ಮುಚ್ಚಿದ್ದನ್ನು ಮ್ಯಾನಿಫೋಲ್ಡ್‌ನಲ್ಲೇ ಉಳಿಸಿ, ರೋಧವನ್ನು ಇಸಿಯು ಓದಬಲ್ಲ ವೋಲ್ಟೇಜ್ ಆಗಿಸಲು 2.49 ಕಿಲೋಓಮ್‌ನ ಪುಲ್-ಅಪ್ ರೆಸಿಸ್ಟರ್ ಕೊಟ್ಟು ಖಾಲಿಯಿದ್ದ ಅನಲಾಗ್ ಇನ್‌ಪುಟ್‌ಗೆ ಜೋಡಿಸಿ, ಎರಡನ್ನೂ ಒಟ್ಟಿಗೆ ಲಾಗ್ ಮಾಡಿದೆ. ಚೆನ್ನೈ ಬಳಿಯ ಇರುಂಗಾಟ್ಟುಕೋಟ್ಟೈ ರೇಸ್ ಟ್ರ್ಯಾಕ್‌ನ ನೇರ ಹಾದಿಯಲ್ಲಿ 0.5 ಬಾರ್ ಬೂಸ್ಟ್. ಚೆನ್ನೈನ ಸೆಕೆಯಲ್ಲಿ ಅಷ್ಟು ಒತ್ತಡಕ್ಕೆ ಟರ್ಬೊದಿಂದ ಹೊರಬೀಳುವ ಗಾಳಿ 90 ಡಿಗ್ರಿ ಮುಟ್ಟುತ್ತದೆ. ಇಂಟರ್‌ಕೂಲರ್ ಅದನ್ನು ಒಂದಿಷ್ಟು ತಗ್ಗಿಸುತ್ತದೆ. ತೆರೆದ ಸೆನ್ಸರ್‌ನ ಗೆರೆ ಬೂಸ್ಟ್‌ನ ಬೆನ್ನಿಗೇ ಏರಿ, ಥ್ರಾಟಲ್ ಬಿಟ್ಟೊಡನೆ ಬಾಗಿತು. ಮುಚ್ಚಿದ್ದರ ಗೆರೆ ಆಮೇಲೆ ನಿಧಾನವಾಗಿ ಏಳತೊಡಗಿ, ನಾನು ಬ್ರೇಕ್ ಒತ್ತಿದ ಮೇಲೂ ಏರುತ್ತಲೇ ಇತ್ತು. ಟೈಮಿಂಗ್ ಹಿಂದಕ್ಕೆ ಬರಬೇಕಾದ ಹೊತ್ತು ಕಳೆದ ಮೇಲೆ ಬಂದರೆ ಪ್ರಯೋಜನವೇನು?

ಟರ್ಬೊಕ್ಕಿಂತ ಮೊದಲು, ಏರ್ ಫಿಲ್ಟರ್ ಬಳಿ ಹಾಕುವ ಸಲಹೆಯನ್ನೂ ಕೆಲವರು ಕೊಡುತ್ತಾರೆ. ಅಲ್ಲಿ ಗೊತ್ತಾಗುವುದು ಹೊರಗಿನ ಹವೆ ಮಾತ್ರ. ಟರ್ಬೊ ಇಲ್ಲದ ಇಂಜಿನ್‌ಗಾದರೆ ನಡೆಯುತ್ತದೆ.

ಜಾಗ ಬದಲಿಸಲು ಆಗದವರಿಗೆ ಸಾಫ್ಟ್‌ವೇರ್ ದಾರಿಯೂ ಇದೆ. ಸ್ಪೀಡುಯಿನೊದಂಥದ್ದೇ ಇನ್ನೊಂದು ಇಸಿಯು ಆದ ಮೆಗಾಸ್ಕ್ವರ್ಟ್‌ನಲ್ಲಿ ಗಾಳಿಯ ಹರಿವಿಗೆ ತಕ್ಕಂತೆ ಕೂಲಂಟ್ ಮತ್ತು ಐಎಟಿ ಉಷ್ಣಾಂಶಗಳನ್ನು ಬೆರೆಸಿ ಲೆಕ್ಕ ಹಾಕುವ ಟೇಬಲ್ ಇದೆ. ಗೆಳೆಯನೊಬ್ಬನ ಕಾರಿನಲ್ಲಿ ಪ್ರಯತ್ನಿಸಿದೆವು. ಬಿಸಿ ಇಂಜಿನ್‌ನ ಐಡಲ್ ಚೊಕ್ಕವಾಯಿತು. ಬೂಸ್ಟ್‌ನಲ್ಲಿ ಸೆನ್ಸರ್ ಹಿಂದುಳಿಯುವುದಕ್ಕೆ ಮಾತ್ರ ಅದರಲ್ಲಿ ಮದ್ದಿಲ್ಲ. ಬೀದಿಯಲ್ಲಿ ಮೆಲ್ಲಗೆ ಓಡುವ ಕಾರಿಗೆ ಅಷ್ಟು ಸಾಕು ಎನ್ನುವುದಾದರೆ ನನ್ನ ತಕರಾರಿಲ್ಲ.

ಯಾವುದನ್ನೇ ಹಾಕಿ, ಇಸಿಯುವಿಗೆ ಸರಿಯಾದ ಕ್ಯಾಲಿಬ್ರೇಷನ್, ಅಂದರೆ ಎಷ್ಟು ಓಮ್‌ಗೆ ಎಷ್ಟು ಡಿಗ್ರಿ ಎಂಬ ಲೆಕ್ಕ, ಕೊಡಿ. ಜಿಎಂ (ಜನರಲ್ ಮೋಟರ್ಸ್) ಮಾದರಿಯ ಸೆನ್ಸರ್ 30 ಡಿಗ್ರಿಯಲ್ಲಿ 2238 ಓಮ್, 99ರಲ್ಲಿ 177 ಓಮ್ ತೋರಿಸುತ್ತದೆ. ಬಾಷ್ ಸೆನ್ಸರ್‌ಗಳ ರೇಖೆ ಬೇರೆ. ಕೊಠಡಿಯ ಹವೆಯಲ್ಲಿ ಒಪ್ಪುವಂತೆ ಕಂಡದ್ದು ಬಿಸಿಯಲ್ಲಿ ದಾರಿ ತಪ್ಪಬಹುದು. ಆದ್ದರಿಂದ ಮಂಜುಗಡ್ಡೆಯ ನೀರಿನಲ್ಲೂ ಕುದಿಯುವ ನೀರಿನಲ್ಲೂ ಪರೀಕ್ಷಿಸಿ. ಬೆಂಗಳೂರಿನವರು ನೆನಪಿಡಿ, ಸಮುದ್ರಮಟ್ಟದಿಂದ 900 ಮೀಟರ್‌ಗೂ ಮೇಲಿರುವ ನಮ್ಮೂರಿನಲ್ಲಿ ನೀರು ಕುದಿಯುವುದು 100ಕ್ಕಲ್ಲ, ಸುಮಾರು 97ಕ್ಕೆ. ತೆರೆದ ಮಣಿಯನ್ನು ನೀರಿಗೆ ನೇರವಾಗಿ ಅದ್ದಬೇಡಿ, ತೆಳುವಾದ ಪ್ಲಾಸ್ಟಿಕ್ ಕವರ್‌ನಲ್ಲಿ ಸುತ್ತಿ.

ನನ್ನ ಕಾರಿನಲ್ಲಿ ಈಗ ಉಳಿದಿರುವುದು ಪೈಪಿನ ಮೇಲಿನ ತೆರೆದ ಸೆನ್ಸರ್. ಅದರ ಕಿರಿಕಿರಿ ಒಂದೇ: ಕ್ರ್ಯಾಂಕ್‌ಕೇಸ್‌ನ ಹೊಗೆ ಟರ್ಬೊಕ್ಕಿಂತ ಮೊದಲಿನ ಪೈಪಿಗೇ ಸೇರುವುದರಿಂದ ಮಣಿಗೆ ಎಣ್ಣೆ ಮೆತ್ತಿಕೊಂಡು ಅದರ ಚುರುಕು ಕಡಿಮೆಯಾಗುತ್ತದೆ. ಆಯಿಲ್ ಬದಲಿಸುವಾಗಲೆಲ್ಲ ಅದನ್ನು ಕಳಚಿ, ಎಂಎಎಫ್ ಕ್ಲೀನರ್ (ಗಾಳಿ ಅಳೆಯುವ ಸೆನ್ಸರ್ ತೊಳೆಯುವ ಸ್ಪ್ರೇ) ಸಿಂಪಡಿಸಿ, ಒಣಗಿದ ಮೇಲೆ ಮತ್ತೆ ಹಾಕುತ್ತೇನೆ. ಈ ಎಣ್ಣೆಯನ್ನು ದಾರಿಯಲ್ಲೇ ಹಿಡಿದಿಡುವ ಆಯಿಲ್ ಕ್ಯಾಚ್ ಕ್ಯಾನ್ ಕೂರಿಸಿದವರಿಗೆ ಈ ಕೆಲಸ ಅಷ್ಟಾಗಿ ಬೀಳುವುದಿಲ್ಲ.